ಹೊಸ ಐಡಿಯಾ ನಡೆಯಿತಾ ಇಲ್ವಾ? ಯಾವ ಅಳತೆಗೋಲು ಯಾವಾಗ ಹಿಡಿಯಬೇಕು

ಮುಂಬೈಯ ಮುಲುಂಡಿನಲ್ಲಿರುವ ನಮ್ಮ ಹೋಟೆಲಿನ ಹಿಂಬದಿಯಲ್ಲಿ ಹತ್ತು ಲೀಟರಿನ ಟಿಲ್ಟಿಂಗ್ ಗ್ರೈಂಡರ್ ಒಂದು ಗೋಣಿ ಹೊದ್ದು ಕೂತಿದೆ. ಅದು ಬಂದದ್ದು ರಾಗಿ ದೋಸೆಗಾಗಿ. ಒಂದು ಜೂನ್‌ನಲ್ಲಿ ಮೆನುವಿಗೆ ರಾಗಿ ದೋಸೆ ಸೇರಿಸಿದೆವು. ಮೇ ತಿಂಗಳಲ್ಲಿ ದಿನಕ್ಕೆ ಸರಾಸರಿ 410 ಬಿಲ್ ಆಗುತ್ತಿತ್ತು. ಜೂನ್ ಕೊನೆಗೆ ಅದು 484 ಆಯಿತು. ಶೇಕಡಾ 18 ಜಾಸ್ತಿ! ಗಲ್ಲಾದಲ್ಲಿ ಕೂತವನಿಗೆ ಇನ್ನೇನು ಬೇಕು? ಮರುವಾರವೇ ಗ್ರೈಂಡರ್ ಬಂತು.

ಡೊಂಬಿವಲಿಯಲ್ಲಿ ಭಾವನ ಹೋಟೆಲಿದೆ. ಅದೇ ಮೆನು, ಅದೇ ಕುಂದಾಪುರ ಕಡೆಯ ಅಡುಗೆಯವರು. ಫೋನ್ ಮಾಡಿ ಸ್ವಲ್ಪ ಕೊಚ್ಚಿಕೊಂಡೆ. ಭಾವ ತಣ್ಣಗೆ ಹೇಳಿದರು: "ನಮ್ಮಲ್ಲೂ 300 ಇದ್ದದ್ದು 351 ಆಯ್ತು ಮಾರಾಯ. ನಾನು ಎಂತ ಮಾಡಲೂ ಇಲ್ಲ."

ಲೆಕ್ಕ ಹಾಕಿದರೆ ಅವರದ್ದು ಶೇಕಡಾ 17. ಏನೂ ಮಾಡದೆ 17, ರಾಗಿ ದೋಸೆ ಮಾಡಿ 18. ಆಮೇಲೆ ಬುದ್ಧಿ ಓಡಿತು. ಮೇ ತಿಂಗಳಲ್ಲಿ ಮುಂಬೈಯ ಅರ್ಧ ಜನ ಊರಲ್ಲಿರುತ್ತಾರೆ, ಜೂನ್ ಮಧ್ಯದಲ್ಲಿ ಶಾಲೆ ಶುರುವಾಗುವಾಗ ವಾಪಸ್ ಬರುತ್ತಾರೆ. ನನ್ನ ಗಲ್ಲಾ ತುಂಬಿಸಿದ್ದು ರಾಗಿಯಲ್ಲ, ಶಾಲೆಯ ಗಂಟೆ.

ಅಂದಿನಿಂದ ಹೊಸದೇನಾದರೂ ಮಾಡುವ ಮೊದಲು, ಅದು ನಡೆಯಿತೋ ಇಲ್ಲವೋ ಎಂದು ಯಾವ ರೀತಿಯಲ್ಲಿ ನೋಡುವುದು ಅಂತ ಮೊದಲು ನಿರ್ಧರಿಸುತ್ತೇನೆ. ನೋಡುವ ರೀತಿಗಳು ಆರೇಳಿವೆ. ಒಂದೊಂದೂ ಒಂದೊಂದು ಕಡೆ ಸರಿ, ಇನ್ನೊಂದು ಕಡೆ ಮೋಸ. ನಾನು ಉದಾಹರಣೆ ಕೊಡುವುದು ಹೋಟೆಲಿನದ್ದು. ನಿಮ್ಮದು ಬಟ್ಟೆ ಅಂಗಡಿಯಾದರೂ ಸಾಫ್ಟ್‌ವೇರ್ ಆದರೂ ಲೆಕ್ಕ ಹೆಚ್ಚು ಕಡಿಮೆ ಇದೇ.

ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು

ಎಲ್ಲರೂ ಮಾಡುವುದು ಇದನ್ನೇ, ಯಾಕಂದರೆ ಖರ್ಚಿಲ್ಲ. ಹಳೆಯ ಬಿಲ್ ಪುಸ್ತಕ ತೆಗೆದರೆ ಆಯಿತು. ನನ್ನ ಪ್ರಕಾರ ಅತಿ ಜಾಸ್ತಿ ಜನ ಬಿದ್ದಿರುವ ಗುಂಡಿಯೂ ಇದೇ.

ಮುಂಬೈಯಲ್ಲಿ ವ್ಯಾಪಾರ ತಾನಾಗಿಯೇ ಏರಿಳಿಯಲು ನೂರು ಕಾರಣ. ಸಂಬಳದ ಮೊದಲ ವಾರ ಮಸಾಲೆ ದೋಸೆ, ಕೊನೆಯ ವಾರ ಇಡ್ಲಿ. ಭಾನುವಾರ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವುದು, ಇದ್ದರೆ ಸ್ಟೇಷನ್ ಪಕ್ಕದ ಅಂಗಡಿಗೆ ಒಂದು ಲೆಕ್ಕ, ಒಳರಸ್ತೆಯ ಅಂಗಡಿಗೆ ಇನ್ನೊಂದು. ಶ್ರಾವಣದ ಸೋಮವಾರ ಉಪವಾಸದವರು ಜಾಸ್ತಿ, ದೋಸೆ ಇಳಿದು ಸಾಬುದಾಣಾ ವಡೆ ಏರುತ್ತದೆ. ಗಣಪತಿ ಹಬ್ಬಕ್ಕೆ ಕೊಂಕಣದವರೆಲ್ಲ ಊರಿಗೆ. ಇಷ್ಟರ ನಡುವೆ ನಿಮ್ಮ ಐಡಿಯಾದ ಪಾಲು ಎಷ್ಟು ಅಂತ ಹೇಳುವುದು ಹೇಗೆ? ಕಳೆದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿದರೆ ಸ್ವಲ್ಪ ವಾಸಿ, ಅಷ್ಟೇ.

ಇನ್ನೊಂದು ತೊಡಕಿದೆ. ಹೊಸದೇನೋ ನಡೆಯುತ್ತಿದೆ, ಮಾಲಕರು ನೋಡುತ್ತಿದ್ದಾರೆ ಅಂದ ಕೂಡಲೇ ಹುಡುಗರ ಕೈ ಚುರುಕಾಗುತ್ತದೆ. ಅಮೆರಿಕದ ಶಿಕಾಗೋ ಹತ್ತಿರ ಹಾಥಾರ್ನ್ ಎಂಬಲ್ಲಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಪ್ರಯೋಗಗಳು ನಡೆದವು. ದೀಪದ ಬೆಳಕು ಹೆಚ್ಚಿಸಿದರೂ ಕೆಲಸ ಹೆಚ್ಚಾಯಿತು, ಇಳಿಸಿದರೂ ಹೆಚ್ಚಾಯಿತು ಎಂಬ ಕಥೆ ಬಂದದ್ದು ಅಲ್ಲಿಂದ. ಆ ಲೆಕ್ಕ ಪೂರ್ತಿ ಸರಿಯಲ್ಲ ಅಂತ ಆಮೇಲೆ ಹಲವರು ತಕರಾರು ತೆಗೆದಿದ್ದಾರೆ. ಕಾರ್ಖಾನೆಯದ್ದು ಏನೇ ಇರಲಿ, ನನ್ನ ಅಡುಗೆಮನೆಯಲ್ಲಿ ಮಾತ್ರ ಇದು ಸತ್ಯ.

ಹಾಗಂತ ಈ ರೀತಿಯನ್ನು ಪೂರ್ತಿ ಬಿಡಬೇಡಿ. ಹಬ್ಬ, ಮಳೆ, ಸಂಬಳ ಯಾವುದೂ ತಾಗದ ಕಡೆ ಇದು ಸಾಕು. ಒಲೆಯ ಬರ್ನರ್ ಬದಲಿಸಿದಾಗ ನಾನು ನೋಡಿದ್ದು ಒಂದೇ: 19 ಕಿಲೋದ ಒಂದು ಸಿಲಿಂಡರಿನಲ್ಲಿ ಎಷ್ಟು ದೋಸೆ ಆಗುತ್ತದೆ. ಮುಂಚೆ ಎಷ್ಟು, ಈಗ ಎಷ್ಟು. ಅದಕ್ಕೆ ಎರಡನೇ ಅಂಗಡಿ ಬೇಡ, ಕಂಪ್ಯೂಟರೂ ಬೇಡ.

ಪಕ್ಕದಲ್ಲಿ ಸುಮ್ನೆ ಇರುವ ಅಂಗಡಿ

ಭಾವನ ಫೋನ್ ನನಗೆ ಕಲಿಸಿದ್ದು ಇದನ್ನು. ಒಂದು ಕಡೆ ಹೊಸದನ್ನು ಮಾಡಿ, ಇನ್ನೊಂದು ಕಡೆ ಏನೂ ಮಾಡಬೇಡಿ. ಎರಡರ ಏರಿಕೆಯ ನಡುವಿನ ವ್ಯತ್ಯಾಸ ಏನಿದೆಯೋ ಅದು ಮಾತ್ರ ನಿಮ್ಮ ಐಡಿಯಾದ ಸಂಪಾದನೆ. ನನ್ನ ಲೆಕ್ಕವನ್ನೇ ನೋಡಿ. ಡೊಂಬಿವಲಿಯಂತೆ ಶೇಕಡಾ 17 ಏರಿದ್ದರೆ ಮುಲುಂಡಿನ 410 ತಾನಾಗಿಯೇ 480 ಆಗುತ್ತಿತ್ತು. ಆದದ್ದು 484. ಅಂದರೆ ರಾಗಿ ದೋಸೆ ತಂದದ್ದು ದಿನಕ್ಕೆ ನಾಲ್ಕು ಬಿಲ್.

ಅಲ್ಲಿಗೂ ಕಥೆ ಮುಗಿಯಲಿಲ್ಲ. ದಿನಕ್ಕೆ 60 ರಾಗಿ ದೋಸೆ ಹೋಗುತ್ತಿತ್ತಲ್ಲ, ಅದು ಎಲ್ಲಿಂದ ಬಂತು ಅಂತ ಕೆಓಟಿ ಚೀಟಿಗಳನ್ನು, ಅಂದರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿಗಳನ್ನು, ಹರಡಿಕೊಂಡು ಕೂತೆ. ಮಸಾಲೆ ದೋಸೆ ಡೊಂಬಿವಲಿಯಲ್ಲಿ ಏರಿದಷ್ಟು ನಮ್ಮಲ್ಲಿ ಏರಿರಲಿಲ್ಲ. 50ರ ಹತ್ತಿರ ಕಡಿಮೆ. ಗಿರಾಕಿ ಹೊಸಬನಲ್ಲ, ತಟ್ಟೆ ಮಾತ್ರ ಹೊಸದು. ಎಡ ಜೇಬಿನಿಂದ ತೆಗೆದು ಬಲ ಜೇಬಿಗೆ ಹಾಕಿಕೊಂಡು ನಾನು ಖುಷಿ ಪಟ್ಟಿದ್ದೆ. ಹೊಸ ಐಟಂ ಎಷ್ಟು ಮಾರಿತು ಅಂತ ಮಾತ್ರ ನೋಡುವವರು ಈ ಜಾಗದಲ್ಲಿ ತಪ್ಪದೆ ಬೀಳುತ್ತಾರೆ.

ಈ ರೀತಿ ನೋಡಲು ಎರಡು ಅಂಗಡಿಗಳು ಸಾಕಷ್ಟು ಒಂದೇ ತರಹ ಇರಬೇಕು. ಮುಲುಂಡಿಗೆ ಡೊಂಬಿವಲಿ ಸರಿ. ಕಾಲೇಜು ಗೇಟಿನ ಎದುರಿನ ಅಂಗಡಿ ಸರಿಯಲ್ಲ. ಹಳೆಯ ಆರು ತಿಂಗಳ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದಿದ್ದರೆ ಜೋಡಿ ಸರಿ ಇದೆ. ಇನ್ನೊಂದು ಕಿವಿಮಾತು: ಚೆನ್ನಾಗಿ ನಡೆಯುವ ಅಂಗಡಿಯಲ್ಲೇ ಹೊಸದನ್ನು ಮಾಡೋಣ ಅನಿಸುತ್ತದೆ, ಹಾಗೆ ಮಾಡಬೇಡಿ. ಯಾವ ಅಂಗಡಿ ಅಂತ ಚೀಟಿ ಎತ್ತಿ.

ಒಂದೇ ಅಂಗಡಿ ಇದ್ದರೆ

ಆಗ ದಿನಗಳನ್ನೇ ಎರಡು ಪಾಲು ಮಾಡಿ. ಸಾಫ್ಟ್‌ವೇರಿನವರು ಎ/ಬಿ ಟೆಸ್ಟ್ ಅನ್ನುವುದು ಇದರ ದೊಡ್ಡಣ್ಣನಿಗೆ. ಅವರು ಅರ್ಧ ಗಿರಾಕಿಗಳಿಗೆ ಹಳೆಯದನ್ನು, ಅರ್ಧ ಗಿರಾಕಿಗಳಿಗೆ ಹೊಸದನ್ನು ತೋರಿಸುತ್ತಾರೆ. ನಮಗೆ ಅದು ಆಗುವುದಿಲ್ಲ, ದಿನ ಹಂಚಬಹುದು.

ಮಧ್ಯಾಹ್ನದ ಮಿನಿ ಮೀಲ್ಸ್ ಹೆಸರನ್ನು ಹಲಗೆಯ ಮೇಲ್ತುದಿಯಲ್ಲಿ ಬರೆದರೆ ಜಾಸ್ತಿ ಹೋಗುತ್ತದಾ ಅಂತ ನೋಡಬೇಕಿತ್ತು. 28 ಚೀಟಿ ಮಾಡಿದೆವು, 14ರಲ್ಲಿ ಮೇಲೆ, 14ರಲ್ಲಿ ಕೆಳಗೆ. ಭಾನುವಾರದ ನಾಲ್ಕನ್ನು ಬೇರೆಯೇ ಲೋಟದಲ್ಲಿ ಹಾಕಿದೆವು. ಭಾನುವಾರ ಎಲ್ಲವೂ ಒಂದೇ ಕಡೆ ಬಿದ್ದರೆ ಲೆಕ್ಕ ಕೆಡುತ್ತದೆ ಅಲ್ವಾ. ರಾತ್ರಿ ಬಾಗಿಲು ಹಾಕುವಾಗ ಕ್ಲೀನರ್ ಹುಡುಗ ಒಂದು ಚೀಟಿ ಎತ್ತುವುದು, ಬೆಳಿಗ್ಗೆ ಹಾಗೆ ಹಲಗೆ ಬರೆಯುವುದು. ನಾಲ್ಕು ವಾರ ಕಳೆದಾಗ ಮೇಲಿದ್ದ ದಿನ ಸರಾಸರಿ 52 ತಟ್ಟೆ, ಕೆಳಗಿದ್ದ ದಿನ 38. ಖರ್ಚು ಒಂದು ಸೀಮೆಸುಣ್ಣ.

ಇಂಥ ಚಿಕ್ಕ ಬದಲಾವಣೆಯನ್ನು ಕಡೆಗಣಿಸಬೇಡಿ ಅನ್ನಲು ದೊಡ್ಡವರ ಸಾಕ್ಷಿಯೂ ಇದೆ. 2012ರಲ್ಲಿ ಮೈಕ್ರೋಸಾಫ್ಟಿನ ಬಿಂಗ್ ಸರ್ಚ್‌ನಲ್ಲಿ ಜಾಹೀರಾತಿನ ತಲೆಬರಹ ತೋರಿಸುವ ಬಗೆಯನ್ನು ಬದಲಿಸುವ ಸಲಹೆಯೊಂದು ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು. ಒಬ್ಬ ಎಂಜಿನಿಯರ್ ಸುಮ್ನೆ ಪರೀಕ್ಷೆಗೆ ಹಾಕಿದ. ಆದಾಯ ಶೇಕಡಾ 12 ಏರಿತು. ಅಮೆರಿಕ ಒಂದರಲ್ಲೇ ವರ್ಷಕ್ಕೆ 10 ಕೋಟಿ ಡಾಲರಿಗೂ ಮೇಲೆ. ಅದೇ ಕಂಪನಿಯಲ್ಲಿ ಪರೀಕ್ಷಿಸಿದ ಐಡಿಯಾಗಳಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಲಾಭ ತಂದವು, ಇನ್ನೊಂದು ಪಾಲು ಏನೂ ಮಾಡಲಿಲ್ಲ, ಮತ್ತೊಂದು ಪಾಲು ನಷ್ಟವನ್ನೇ ತಂದವು ಅಂತ ಅಲ್ಲಿ ಈ ಕೆಲಸ ನೋಡಿಕೊಂಡವರೇ ಬರೆದಿದ್ದಾರೆ. ಅವರ ಕಥೆಯೇ ಹೀಗಾದರೆ ನಮ್ಮ ಐಡಿಯಾ ಎಲ್ಲವೂ ಗೆಲ್ಲಬೇಕು ಅನ್ನುವುದು ದುರಾಸೆ.

ತೊಂದರೆ ಇರುವುದು ಸಂಖ್ಯೆಯಲ್ಲಿ. ಅವರ ಬಳಿ ಲಕ್ಷಗಟ್ಟಲೆ ಗಿರಾಕಿ, ನಮ್ಮ ಬಳಿ ಐವತ್ತು. ಒಂದು ನಾಣ್ಯವನ್ನು 100 ಸಲ ಚಿಮ್ಮಿಸಿ ನೋಡಿ. 50 ಸಲ ರಾಜ ಬೀಳಬೇಕು. ಬೀಳುವುದು 43 ಆಗಬಹುದು, 58 ಆಗಬಹುದು. 40ರಿಂದ 60ರವರೆಗೆ ಎಲ್ಲವೂ ಮಾಮೂಲಿ. ಹಾಗಿರುವಾಗ ಒಂದು ದಿನ 10 ತಟ್ಟೆ, ಇನ್ನೊಂದು ದಿನ 13 ತಟ್ಟೆ ಹೋದದ್ದಕ್ಕೆ ಐಡಿಯಾ ಗೆದ್ದಿತು ಅನ್ನಬಾರದು. ಗಿರಾಕಿ ಕಡಿಮೆ ಇದ್ದರೆ ಜಾಸ್ತಿ ದಿನ ನಡೆಸಬೇಕು, ಇಲ್ಲವೇ ದೊಡ್ಡ ವ್ಯತ್ಯಾಸ ಕಂಡರೆ ಮಾತ್ರ ನಂಬಬೇಕು.

ರುಚಿಯ ವಿಷಯಕ್ಕೆ ಬಂದರೆ ಇನ್ನೂ ಚಂದದ ಒಂದು ದಾರಿಯಿದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸುಮಾರು ನೂರು ವರ್ಷದ ಹಿಂದೆ ಒಬ್ಬ ಮಹಿಳೆ, ಕಪ್ಪಿಗೆ ಹಾಲು ಮೊದಲು ಹಾಕಿದರೋ ಚಹಾ ಮೊದಲು ಹಾಕಿದರೋ ಅಂತ ಕುಡಿದೇ ಹೇಳುತ್ತೇನೆ ಎಂದರಂತೆ. ಅಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಎಂಟು ಕಪ್ಪಿನ ಪರೀಕ್ಷೆ ಹೂಡಿದರು. ನಾಲ್ಕು ಹೀಗೆ, ನಾಲ್ಕು ಹಾಗೆ, ಕಲೆಸಿ ಇಟ್ಟು. ಸುಮ್ನೆ ಊಹಿಸಿ ಎಂಟನ್ನೂ ಸರಿ ಹೇಳುವ ಸಾಧ್ಯತೆ 70ರಲ್ಲಿ ಒಂದು.

ನಾನು ಇದನ್ನು ಫಿಲ್ಟರ್ ಕಾಫಿಗೆ ಇಳಿಸಿದೆ. ಪುಡಿಯಲ್ಲಿ ಚಿಕೋರಿ ಶೇಕಡಾ 20 ಇದ್ದದ್ದನ್ನು 30 ಮಾಡಿದರೆ ಗಿರಾಕಿಗೆ ಗೊತ್ತಾಗುತ್ತದಾ? ದಿನಾ ಬೆಳಿಗ್ಗೆ ಏಳಕ್ಕೆ ಬರುವ ಹಿರಿಯರೊಬ್ಬರಿದ್ದಾರೆ. "ನಾಲಿಗೆಗೆ ತಾಗಿದ ಕೂಡಲೇ ಹೇಳ್ತೇನೆ" ಎಂದರು. ಎಂಟು ಸಣ್ಣ ಲೋಟ, ತಳದಲ್ಲಿ ಪೆನ್ಸಿಲ್ ಗುರುತು, ತಂದಿಟ್ಟ ಹುಡುಗನಿಗೂ ಯಾವುದು ಏನೆಂದು ಗೊತ್ತಿಲ್ಲ. ಅವರು ಪ್ರತಿ ಲೋಟಕ್ಕೂ ಕಣ್ಣು ಮುಚ್ಚಿ, ಗುಟುಕು ಬಾಯಲ್ಲಿ ತಿರುಗಿಸಿ, ನ್ಯಾಯಾಧೀಶರ ಹಾಗೆ ತೀರ್ಪು ಕೊಟ್ಟರು. ಎಂಟರಲ್ಲಿ ನಾಲ್ಕು ಸರಿ, ನಾಲ್ಕು ತಪ್ಪು. ನಾಣ್ಯ ಚಿಮ್ಮಿಸಿದ್ದರೂ ಅಷ್ಟೇ ಆಗುತ್ತಿತ್ತು. ಲೋಟ ತಿರುಗಿಸಿ ಗುರುತು ನೋಡಿದವರು ನಕ್ಕು, "ಹಾಲು ಸರಿ ಇರಲಿಲ್ಲ" ಎಂದರು.

ಗಿರಾಕಿಯನ್ನು ಕೇಳುವುದು

ಇದನ್ನು ಬೇಗ ಮುಗಿಸುತ್ತೇನೆ, ಯಾಕಂದರೆ ನನಗೆ ಇದರ ಮೇಲೆ ನಂಬಿಕೆ ಕಡಿಮೆ. ನಮ್ಮವರು ಮರ್ಯಾದಸ್ಥರು. ಅದರಲ್ಲೂ ಒಂದೇ ಊರ ಕಡೆಯವರಾದರೆ ಮುಗಿಯಿತು. ಅರ್ಧ ತಟ್ಟೆ ಬಿಟ್ಟು ಎದ್ದವರೂ "ಲಾಯ್ಕ್ ಇತ್ತು ಅಣ್ಣ" ಅಂದೇ ಹೋಗುತ್ತಾರೆ. ಹಾಗಾಗಿ ನಾನು ಬಾಯಿ ಕೇಳುವುದಿಲ್ಲ, ತಟ್ಟೆ ನೋಡುತ್ತೇನೆ.

ಕೋಕಾ-ಕೋಲಾ ಸುಮಾರು 2 ಲಕ್ಷ ಜನರಿಗೆ ಹೊಸ ರುಚಿ ಕುಡಿಸಿ ಕೇಳಿತ್ತು. ಜಾಸ್ತಿ ಜನ ಹೊಸದೇ ಚೆನ್ನಾಗಿದೆ ಎಂದರು. 1985ರ ಏಪ್ರಿಲ್ 23ಕ್ಕೆ ಹೊಸ ಕೋಕ್ ಬಂತು. ಜನ ರೊಚ್ಚಿಗೆದ್ದರು, 79 ದಿನಕ್ಕೆ ಹಳೆಯದು ವಾಪಸ್. ಎರಡು ಗುಟುಕು ಕುಡಿದು ಹೇಳುವುದು ಬೇರೆ, ಹಳೆಯದನ್ನು ಕಿತ್ತುಕೊಂಡಾಗ ಆಗುವುದು ಬೇರೆ.

ಕೇಳಲೇಬೇಕು ಅಂತಿದ್ದರೆ ಬಳಸಿದ ಮೇಲೆ ಕೇಳಿ. 3ಎಂ ಕಂಪನಿಯ ಅಂಟುಚೀಟಿ, ಅದೇ ಪೋಸ್ಟ್-ಇಟ್, 1977ರಲ್ಲಿ ನಾಲ್ಕು ಊರುಗಳಲ್ಲಿ ಮಾರಲು ಹೋಗಿ ಸೋತಿತ್ತು. ಕೈಯಲ್ಲಿ ಹಿಡಿಯದೆ ಅದೇನೆಂದೇ ಜನರಿಗೆ ತಿಳಿಯಲಿಲ್ಲ. ಮರುವರ್ಷ ಬಾಯ್ಸಿ ಎಂಬ ಊರಲ್ಲಿ ಪುಕ್ಕಟೆ ಹಂಚಿದರು. ಬಳಸಿ ನೋಡಿದವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಕೊಳ್ಳುತ್ತೇವೆ ಎಂದರು. 1980ರಲ್ಲಿ ದೇಶವಿಡೀ ಮಾರಾಟಕ್ಕಿಳಿಯಿತು.

ಎರಡನೇ ಸಲ ಬಂದರಾ?

ನನಗೆ ಎಲ್ಲಕ್ಕಿಂತ ಇಷ್ಟದ ಅಳತೆ ಇದು. ಮೊದಲ ಸಲ ಕುತೂಹಲಕ್ಕೆ ಬರುತ್ತಾರೆ, ರಿಯಾಯಿತಿಗೆ ಬರುತ್ತಾರೆ, ನಿಮ್ಮ ಮುಖ ನೋಡಿ ಬರುತ್ತಾರೆ. ಎರಡನೇ ಸಲ ಪೂರ್ತಿ ದುಡ್ಡು ಕೊಟ್ಟು ಬಂದರೆ ಐಡಿಯಾ ಜೀವಂತ ಇದೆ ಅಂತ ಲೆಕ್ಕ.

ಒಂದೇ ವರ್ಷ ನಾವು ಎರಡು ಹೊಸದನ್ನು ಶುರು ಮಾಡಿದ್ದೆವು. ಒಂದು, ಉಡುಗೊರೆ ಕೊಡುವ ಸಿಹಿತಿಂಡಿ ಪೆಟ್ಟಿಗೆ. ಇನ್ನೊಂದು, ಠಾಣೆಯಲ್ಲಿ ಕೆಲಸಕ್ಕಿರುವ ಒಂಟಿ ಹುಡುಗರಿಗೆ ತಿಂಗಳ ಲೆಕ್ಕದ ರಾತ್ರಿ ಡಬ್ಬಿ. ಪೆಟ್ಟಿಗೆ ಮೊದಲ ತಿಂಗಳು 90 ಹೋಯಿತು, ಎರಡನೇ ತಿಂಗಳು 20, ಮೂರನೆಯದರಲ್ಲಿ 6. ಡಬ್ಬಿಗೆ ಮೊದಲ ತಿಂಗಳು 64 ಜನ. ಅವರಲ್ಲಿ ಎರಡನೇ ತಿಂಗಳಿಗೆ ಉಳಿದವರು 31, ಮೂರಕ್ಕೆ 27, ನಾಲ್ಕಕ್ಕೆ 26. ಮೊದಲ ತಿಂಗಳ ಲೆಕ್ಕ ಮಾತ್ರ ನೋಡಿದ್ದರೆ ನಾನು ಪೆಟ್ಟಿಗೆಯ ಹಿಂದೆ ಓಡುತ್ತಿದ್ದೆ. ನೋಡಬೇಕಾದದ್ದು ಎಷ್ಟು ಇಳಿಯಿತು ಅಂತಲ್ಲ, ಇಳಿಯುವುದು ಎಲ್ಲಿ ನಿಂತಿತು ಅಂತ. 27, 26 ಅಂತ ನೆಲ ಸಿಕ್ಕಿದರೆ ಅಲ್ಲಿಂದ ಕಟ್ಟಬಹುದು. ಪೆಟ್ಟಿಗೆಗೆ ನೆಲವೇ ಸಿಗಲಿಲ್ಲ.

ಮೊದಲ ಗದ್ದಲ ಎಷ್ಟು ದೊಡ್ಡದಿದ್ದರೂ ಸಾಲದು ಅನ್ನಲು ಮುಂಬೈ ಕಂಪನಿಯೊಂದರ ಉದಾಹರಣೆ ಎಲ್ಲರಿಗೂ ಗೊತ್ತು. ಟಾಟಾ ನ್ಯಾನೋ 2009ರಲ್ಲಿ ಬಂದಾಗ ಬುಕಿಂಗ್ 2 ಲಕ್ಷ ದಾಟಿತ್ತು. 2018ರಲ್ಲಿ ತಯಾರಿಕೆ ನಿಂತಿತು. ಕಾರನ್ನು ಜನ ತಿಂಗಳಿಗೊಂದು ಕೊಳ್ಳುವುದಿಲ್ಲ, ನಿಜ. ಅಂಥ ಕಡೆ ಎರಡನೇ ಸಲ ಅಂದರೆ, ಕೊಂಡವನ ಪಕ್ಕದ ಮನೆಯವನು ಕೊಂಡನಾ ಅನ್ನುವುದು.

ಇದರ ದೋಷ ಅಂದರೆ ಕಾಯಬೇಕು. ಮೂರು ತಿಂಗಳಾದರೂ ಬೇಕು. ಬಾಡಿಗೆ ಕಾಯುವುದಿಲ್ಲ.

ಕೈಗೆ ಉಳಿದದ್ದು

ವ್ಯಾಪಾರ ಏರಿ ದುಡ್ಡು ಇಳಿಯುವುದು ಹೇಗೆ ಅಂತ ನಾನು ಕಲಿತದ್ದು ಒಂದು ಡೆಲಿವರಿ ಆ್ಯಪ್ ಸೇರಿಕೊಂಡಾಗ. ಹೆಸರು ಬೇಡ. ದಿನಕ್ಕೆ 70 ಆರ್ಡರ್ ಜಾಸ್ತಿ ಆಯಿತು, ಹುಡುಗರು ಬೆವರು ಸುರಿಸಿದರು, ತಿಂಗಳ ಕೊನೆಗೆ ಕೈಯಲ್ಲಿ ಏನೂ ಇಲ್ಲ.

ಒಂದು ಆರ್ಡರ್ ಹಿಡಿದು ಬಿಡಿಸಿದೆ. ಪಟ್ಟಿಯ ಬೆಲೆ 160 ರೂಪಾಯಿ. ನಮ್ಮ ತಲೆಯ ಮೇಲೆ ಬಂದ ರಿಯಾಯಿತಿ 20, ಉಳಿದದ್ದು 140. ಕಮಿಷನ್ 31. ಆ ಕಮಿಷನ್ ಮೇಲೆ ಶೇಕಡಾ 18 ಜಿಎಸ್‌ಟಿ, ಹತ್ತಿರ ಹತ್ತಿರ 6. ನಾವು ಶೇಕಡಾ 5ರ ಜಿಎಸ್‌ಟಿಯಲ್ಲಿರುವ ಹೋಟೆಲಿನವರು, ಹಾಗೆ ಕಟ್ಟಿದ ತೆರಿಗೆ ನಮಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುವುದಿಲ್ಲ. ಹಲವರು ಇದನ್ನು ಮರೆಯುತ್ತಾರೆ. ಸಾಮಾನು 55, ಡಬ್ಬ ಮತ್ತು ಚೀಲ 10. ಉಳಿದದ್ದು 38. ಅದೇ ತಿಂಡಿ ಮೇಜಿನ ಮೇಲೆ ಹೋಗಿದ್ದರೆ ಸಾಮಾನು ಕಳೆದು 105.

38 ಆದರೂ ಉಳಿಯುತ್ತದಲ್ಲ ಅನ್ನಬಹುದು. ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ ನಮ್ಮ ಎರಡು ಕಾವಲಿ ಪೂರ್ತಿ ತುಂಬಿರುತ್ತವೆ. ಆ ಹೊತ್ತಲ್ಲಿ 38ರ ದೋಸೆ ಹಾಕಿದರೆ, ಎದುರು ನಿಂತ 105ರ ಗಿರಾಕಿ ಗಡಿಯಾರ ನೋಡಿ ಸ್ಟೇಷನ್ನಿಗೆ ಹೋಗುತ್ತಾನೆ. ಮಧ್ಯಾಹ್ನ ಮೂರಕ್ಕೆ ಕಾವಲಿ ಖಾಲಿ, ಆಗ 38 ಪೂರ್ತಿ ಲಾಭ. ಹಾಗಾಗಿ ಆ್ಯಪ್ ಬಿಡಲಿಲ್ಲ, ಮೂರರಿಂದ ಏಳರವರೆಗೆ ಮಾತ್ರ ತೆರೆದಿಡುತ್ತೇವೆ. ಆರ್ಡರ್ ಎಷ್ಟು ಅಂತ ಎಣಿಸಿದ್ದರೆ ಐಡಿಯಾ ಗೆದ್ದಿತು, ದುಡ್ಡು ಎಣಿಸಿದರೆ ಸೋತಿತು, ಹೊತ್ತಿನ ಪ್ರಕಾರ ಎಣಿಸಿದಾಗ ಅರ್ಧ ಗೆದ್ದಿತು.

ಹಾಗಾದರೆ ಯಾವುದನ್ನು ಹಿಡಿಯುವುದು

ನಾನು ಮೊದಲು ಕೇಳಿಕೊಳ್ಳುವುದು, ತಪ್ಪಾದರೆ ವಾಪಸ್ ಬರಬಹುದಾ ಅಂತ. ಹಲಗೆಯ ಬರಹ, ಚಟ್ನಿಯ ಬದಲಾವಣೆ ಇಂಥದ್ದಕ್ಕೆ ಚೀಟಿ ಎತ್ತಿ ದಿನ ಹಂಚಿ, ಒಂದು ತಿಂಗಳಲ್ಲಿ ಮುಗಿಸಿ. ಬೆಲೆ ಏರಿಸುವುದಕ್ಕೆ ಇದು ಆಗದು. ಇವತ್ತು 60, ನಾಳೆ 70 ಅಂದರೆ ಗಿರಾಕಿ ಗಲ್ಲಾದಲ್ಲೇ ಜಗಳಕ್ಕೆ ನಿಲ್ಲುತ್ತಾನೆ. ಅದಕ್ಕೆ ಎರಡು ಅಂಗಡಿಯ ಹೋಲಿಕೆಯೇ ಸರಿ. ಯಂತ್ರ, ಗ್ಯಾಸ್, ಕರೆಂಟಿಗೆ ಮುಂಚೆ–ಆಮೇಲೆ ಸಾಕು. ಚಂದಾ, ಡಬ್ಬಿ, ಮನೆಗೆ ತಲುಪಿಸುವ ಪ್ಯಾಕೆಟ್ಟು ಇದ್ದರೆ ವಾಪಸ್ ಬಂದವರನ್ನು ಎಣಿಸಿ. ಹೊಸ ಶಾಖೆ, ಹೊಸ ಲೀಸ್ ಅಂದರೆ ಯಾವ ಪರೀಕ್ಷೆಯೂ ಪೂರ್ತಿ ಸಾಲದು. ಮೊದಲು ಅದೇ ಏರಿಯಾದಲ್ಲಿ ಆರು ತಿಂಗಳು ಡಬ್ಬಿ ಮಾರಿ ನೋಡಿ. ಕೈಗೆ ಉಳಿದ ದುಡ್ಡಿನ ಲೆಕ್ಕ ಇವೆಲ್ಲಕ್ಕೂ ಜೊತೆಗಿರಬೇಕು.

ಯಾವುದನ್ನೇ ಹಿಡಿದರೂ, ಎಷ್ಟಾದರೆ ಗೆಲುವು, ಯಾವ ತಾರೀಕಿಗೆ ತೀರ್ಪು ಅಂತ ಶುರು ಮಾಡುವ ಮೊದಲೇ ಬರೆದಿಡಿ. ಆಮೇಲೆ ಬರೆದರೆ ನಾವು ಬರೆಯುವುದು ಬಂದ ಸಂಖ್ಯೆಗೆ ಹೊಂದುವ ಹಾಗೆ.

ಭಾವನ ಮಗ ಪುಣೆಯಲ್ಲಿ ಹಿಂಜವಡಿಯ ಕಂಪನಿಯಲ್ಲಿದ್ದಾನೆ. ಅವನೂ ಅವನ ಹೆಂಡತಿಯೂ ಸೇರಿ ಅಲ್ಲೇ ವಾಕಡ್‌ನ ವಸತಿ ಸೊಸೈಟಿಗಳಿಗೆ ಒಂದು ಕಿಲೋದ ದೋಸೆ ಹಿಟ್ಟಿನ ಪ್ಯಾಕೆಟ್ ಕೊಡಲು ಶುರು ಮಾಡಿದರು. ನನ್ನ ಗ್ರೈಂಡರ್ ಕೇಳಿದರು, ಟೆಂಪೋದಲ್ಲಿ ಕಳಿಸಿದೆ. "ಮಾವ, ಗ್ರೂಪಲ್ಲಿ ಇನ್ನೂರು ಜನ ಥಂಬ್ಸಪ್ ಹಾಕಿದ್ದಾರೆ" ಅಂತ ಫೋನ್ ಬಂತು. ಹೆಬ್ಬೆರಳು ಎಣಿಸಬೇಡ, ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸು ಅಂದೆ. ಬರೆದರು: ಮಾರ್ಚ್ 31ಕ್ಕೆ, ಕೊನೆಯ ನಾಲ್ಕು ವಾರದಲ್ಲಿ ಮೂರು ವಾರವಾದರೂ ಕೊಂಡವರು 30 ಮನೆ ಇರಬೇಕು. ಇಲ್ಲದಿದ್ದರೆ ನಿಲ್ಲಿಸುವುದು. ಕೆಳಗೆ ಇಬ್ಬರ ಸಹಿ.

ಮಾರ್ಚ್ 31ರ ರಾತ್ರಿ ಫೋನ್ ಮಾಡಿದ. "28 ಮಾವ. ಆದರೆ ಎರಡು ಮನೆಯವರು ಊರಿಗೆ ಹೋಗಿದ್ದಾರೆ, ಅವರನ್ನೂ ಸೇರಿಸಿದರೆ ಸರಿಯಾಗಿ 30." ನಾನು ಏನು ಹೇಳಬೇಕು ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಅವನ ಹೆಂಡತಿಯ ದನಿ ಕೇಳಿತು: "ಚೀಟಿಯಲ್ಲಿ ಊರಿಗೆ ಹೋದವರನ್ನು ಸೇರಿಸಿ ಅಂತ ಎಲ್ಲಿ ಬರೆದಿದೆ, ತೋರಿಸಿ ನೋಡುವ."

ಮರುವಾರ ಗ್ರೈಂಡರ್ ಅದೇ ಟೆಂಪೋದಲ್ಲಿ ವಾಪಸ್ ಬಂತು. ಕಲ್ಲು ಚೆನ್ನಾಗಿದೆ, ಮೋಟಾರ್ ಹೊಸದರಂತಿದೆ. ಬೇಕಿದ್ದವರು ಮುಲುಂಡಿಗೆ ಬನ್ನಿ, ಬೆಲೆ ಕಾಫಿ ಕುಡಿಯುತ್ತಾ ಮಾತಾಡೋಣ.